ರಿಯಾಯಿತಿ ದರದಲ್ಲಿ ಖರೀದಿಸಿದ ಆರೋಗ್ಯ ಮತ್ತು ಸೌಂದರ್ಯ ಸಾಮಗ್ರಿಗಳ ಅಂತರ್ಜಾಲ ಮರುಮಾರಾಟ: ಇಂಡಿ, ಸಿಂದಗಿ, ಮುದ್ದೇಬಿಹಾಳ ಹಾಗೂ ಬಸವನ ಬಾಗೇವಾಡಿ ಭಾಗದ ಅರ್ಜಿದಾರರಿಗೆ ಮಾಹಿತಿ

ಪೀಠಿಕೆ

ಅಂಗಡಿಗಳಲ್ಲಿ ರಿಯಾಯಿತಿ ದರಕ್ಕೆ ದೊರೆಯುವ ಸಾಬೂನು, ಶಾಂಪೂ, ಕೇಶತೈಲ, ಮುಖದ ಕ್ರೀಮು, ದಂತಮಂಜನ, ಪೌಡರು ಮುಂತಾದ ಸಾಮಗ್ರಿಗಳನ್ನು ಖರೀದಿಸಿ, ಅವುಗಳನ್ನು ಅಂತರ್ಜಾಲದ ಮೂಲಕ ಮರುಮಾರಾಟ ಮಾಡಲು ಇಚ್ಛಿಸುವ ನಾಗರಿಕರಿಗೆ ಅನ್ವಯವಾಗುವ ನಿಯಮಗಳನ್ನು ಈ ಲೇಖನದಲ್ಲಿ ವಿವರಿಸಲಾಗಿದೆ. ಸದರಿ ಮಾಹಿತಿಯು ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ತಾಲ್ಲೂಕುಗಳ ಹಾಗೂ ಈ ತಾಲ್ಲೂಕುಗಳಿಂದ ವಿಭಜನೆಗೊಂಡ ಚಡಚಣ, ದೇವರ ಹಿಪ್ಪರಗಿ, ಆಲಮೇಲ, ತಾಳಿಕೋಟೆ, ನಿಡಗುಂದಿ ಮತ್ತು ಕೊಲ್ಹಾರ ತಾಲ್ಲೂಕುಗಳ ಅರ್ಜಿದಾರರನ್ನು ಗಮನದಲ್ಲಿರಿಸಿಕೊಂಡು ಸಿದ್ಧಪಡಿಸಿದ್ದಾಗಿದೆ. ಕೇಂದ್ರದ ಕಾಯ್ದೆಗಳು ಎಲ್ಲೆಡೆ ಒಂದೇ ಆಗಿದ್ದರೂ, ರಾಜ್ಯದ ಗಡಿಯಲ್ಲಿರುವ ಈ ತಾಲ್ಲೂಕುಗಳಿಗೆ ವಿಶೇಷವಾಗಿ ತಟ್ಟುವ ಕೆಲವು ಅಂಶಗಳಿವೆ.

ಈ ವ್ಯಾಪಾರವು ಸ್ವತಃ ಕಾನೂನುಬಾಹಿರವಲ್ಲ. ನ್ಯಾಯಯುತವಾಗಿ ಹಣ ಕೊಟ್ಟು ಕೊಂಡ ಅಸಲಿ ವಸ್ತುವನ್ನು ಇನ್ನೊಬ್ಬರಿಗೆ ಮಾರುವ ಹಕ್ಕು ಖರೀದಿದಾರನಿಗಿದೆ. 1999ರ ವ್ಯಾಪಾರ ಚಿಹ್ನೆಗಳ ಕಾಯ್ದೆಯ 30ನೇ ಪ್ರಕರಣವೂ ಇದನ್ನು ಮಾನ್ಯ ಮಾಡುತ್ತದೆ. ಆದರೆ ಮಾರುಕಟ್ಟೆಗೆ ಬಂದ ನಂತರ ವಸ್ತುವಿನ ಸ್ಥಿತಿಯನ್ನು ಬದಲಿಸಿದ್ದರೆ ಅಥವಾ ಕೆಡಿಸಿದ್ದರೆ ಈ ರಕ್ಷಣೆ ದೊರೆಯುವುದಿಲ್ಲ. ಕಂಪನಿಯ ಅಧಿಕೃತ ವಿತರಕರಲ್ಲದವರು ತಾವು ಅಧಿಕೃತರೆಂದು ಬಿಂಬಿಸಿಕೊಳ್ಳಲೂ ಅವಕಾಶವಿಲ್ಲ.

ಖರೀದಿ ರಶೀದಿಯ ಮಹತ್ವ

ಈ ವ್ಯಾಪಾರದಲ್ಲಿ ತೊಡಗುವವರು ಬೇರೆ ಯಾವುದನ್ನು ಮರೆತರೂ ಖರೀದಿ ರಶೀದಿಯನ್ನು ಮರೆಯತಕ್ಕದ್ದಲ್ಲ. ಕಾರಣವನ್ನು ಸ್ವಲ್ಪ ವಿಸ್ತಾರವಾಗಿ ತಿಳಿಸುವುದು ಅಗತ್ಯವೆನಿಸುತ್ತದೆ.

1940ರ ಔಷಧ ಮತ್ತು ಸೌಂದರ್ಯವರ್ಧಕಗಳ ಕಾಯ್ದೆಯ ಪ್ರಕಾರ, ದೇಹವನ್ನು ಶುಚಿಗೊಳಿಸಲು, ಅಂದಗೊಳಿಸಲು ಅಥವಾ ರೂಪವನ್ನು ಬದಲಿಸಲು ಹಚ್ಚುವ, ಸಿಂಪಡಿಸುವ, ಉಜ್ಜುವ ಎಲ್ಲ ವಸ್ತುಗಳೂ ಸೌಂದರ್ಯವರ್ಧಕಗಳಾಗಿವೆ. ಇವುಗಳ ತಯಾರಿಕೆಗೆ ಪರವಾನಗಿ ಕಡ್ಡಾಯವಾಗಿದ್ದು, ಚಿಲ್ಲರೆ ಮಾರಾಟಕ್ಕೆ ಈ ಕಾಯ್ದೆಯಡಿ ಪ್ರತ್ಯೇಕ ಪರವಾನಗಿ ಬೇಕಿಲ್ಲ. ಪರವಾನಗಿ ಬೇಡವೆಂದ ಮಾತ್ರಕ್ಕೆ ಹೊಣೆಗಾರಿಕೆಯೂ ಇಲ್ಲವೆಂದು ಅನೇಕರು ಭಾವಿಸುತ್ತಾರೆ. ಇದು ಸರಿಯಲ್ಲ. ಕಳಪೆ ಗುಣಮಟ್ಟದ, ತಪ್ಪು ಲೇಬಲ್ಲಿನ, ಕಲಬೆರಕೆಯ ಅಥವಾ ನಕಲಿ ಸೌಂದರ್ಯವರ್ಧಕವನ್ನು ಮಾರುವುದನ್ನು 18ನೇ ಪ್ರಕರಣವು ಎಲ್ಲರಿಗೂ ನಿಷೇಧಿಸಿದೆ. ನಕಲಿ ಸೌಂದರ್ಯವರ್ಧಕದ ಮಾರಾಟಕ್ಕೆ 3 ವರ್ಷಗಳವರೆಗಿನ ಕಾರಾಗೃಹ ಶಿಕ್ಷೆಯನ್ನು ಕಾಯ್ದೆಯು ವಿಧಿಸುತ್ತದೆ. ಮಾರಾಟಗಾರ ಪೇಟೆಯ ದೊಡ್ಡ ಅಂಗಡಿಯವನೋ, ಮನೆಯ ಪಡಸಾಲೆಯಲ್ಲಿ ಕುಳಿತು ಮೊಬೈಲಿನಲ್ಲಿ ಮಾರುವವನೋ ಎಂಬ ಭೇದವನ್ನು ಕಾಯ್ದೆ ಮಾಡಿಲ್ಲ.

ಹಾಗಾದರೆ ತಯಾರಕನಲ್ಲದ, ಬೇರೊಬ್ಬರಿಂದ ಕೊಂಡು ಮಾರಿದ ಸಾಮಾನ್ಯ ವ್ಯಾಪಾರಿಗೆ ರಕ್ಷಣೆ ಏನು? ಅದು 19ನೇ ಪ್ರಕರಣದ 3ನೇ ಉಪಪ್ರಕರಣದಲ್ಲಿದೆ. ವಸ್ತುವನ್ನು ಅಧಿಕೃತ ಪರವಾನಗಿ ಪಡೆದ ತಯಾರಕ, ವಿತರಕ ಅಥವಾ ವರ್ತಕರಿಂದ ಖರೀದಿಸಲಾಗಿತ್ತು. ಅದರಲ್ಲಿನ ದೋಷವು ತನಗೆ ತಿಳಿದಿರಲಿಲ್ಲ ಮತ್ತು ತಕ್ಕ ಎಚ್ಚರಿಕೆ ವಹಿಸಿದರೂ ತಿಳಿಯುವಂತಿರಲಿಲ್ಲ. ತನ್ನ ವಶದಲ್ಲಿದ್ದಾಗ ಅದನ್ನು ಸರಿಯಾಗಿ ದಾಸ್ತಾನು ಮಾಡಲಾಗಿತ್ತು ಹಾಗೂ ಕೊಂಡಾಗ ಇದ್ದ ಸ್ಥಿತಿಯಲ್ಲೇ ಇತ್ತು - ಈ ಎಲ್ಲ ಅಂಶಗಳನ್ನು ಮಾರಾಟಗಾರನೇ ರುಜುವಾತುಪಡಿಸಿದಲ್ಲಿ ಆತನು ಹೊಣೆಯಾಗುವುದಿಲ್ಲ. ಇದರಲ್ಲಿ ಮೊದಲನೆಯ ಅಂಶವನ್ನು ರಶೀದಿಯಿಲ್ಲದೆ ರುಜುವಾತುಪಡಿಸುವ ಮಾರ್ಗವೇ ಇಲ್ಲವೆನ್ನಬಹುದು. ಇದಲ್ಲದೆ 18ಎ ಪ್ರಕರಣದ ಮೇರೆಗೆ, ಔಷಧ ಪರಿವೀಕ್ಷಕರು ಕೇಳಿದಾಗ ವಸ್ತುವನ್ನು ಯಾರಿಂದ ಪಡೆಯಲಾಯಿತೆಂಬುದನ್ನು ಹೆಸರು ವಿಳಾಸ ಸಹಿತ ತಿಳಿಸುವುದು ಪ್ರತಿಯೊಬ್ಬ ಮಾರಾಟಗಾರನ ಕರ್ತವ್ಯವಾಗಿರುತ್ತದೆ. "ಸಂತೆಯಲ್ಲಿ ಒಬ್ಬರು ಕೊಟ್ಟರು" ಎಂಬುದು ಉತ್ತರವಾಗಲಾರದು.

ಆದುದರಿಂದ ರಿಯಾಯಿತಿಯ ಭರದಲ್ಲಿ "ಬಿಲ್ಲು ಬೇಡವೆಂದರೆ ಇನ್ನೂ ಹತ್ತು ರೂಪಾಯಿ ಕಡಿಮೆ" ಎಂಬ ಮಾತಿಗೆ ಒಪ್ಪತಕ್ಕದ್ದಲ್ಲ. ಆ ಹತ್ತು ರೂಪಾಯಿಗೆ ಖರೀದಿದಾರನು ಮಾರಿಕೊಳ್ಳುತ್ತಿರುವುದು ತನ್ನ ಕಾನೂನು ರಕ್ಷಣೆಯನ್ನು. ರಶೀದಿಯಲ್ಲಿ ಅಂಗಡಿಯ ಹೆಸರು, ವಿಳಾಸ, ಜಿಎಸ್‌ಟಿ ಸಂಖ್ಯೆ ಇದ್ದಲ್ಲಿ ಅದು, ದಿನಾಂಕ, ವಸ್ತುವಿನ ಹೆಸರು ಮತ್ತು ಪ್ರಮಾಣ ಇರುವುದನ್ನು ನೋಡಿಕೊಳ್ಳಬೇಕು. ಚಿಲ್ಲರೆ ರಶೀದಿಗಳಲ್ಲಿ ಸಾಮಾನ್ಯವಾಗಿ ಬ್ಯಾಚ್ ಸಂಖ್ಯೆ ಇರುವುದಿಲ್ಲ. ಅಂಥ ಸಂದರ್ಭದಲ್ಲಿ ಖರೀದಿಸಿದ ದಿನವೇ ಒಂದು ದಾಸ್ತಾನು ಪುಸ್ತಕದಲ್ಲಿ ರಶೀದಿಯ ಸಂಖ್ಯೆ, ವಸ್ತು, ಬ್ಯಾಚ್ ಸಂಖ್ಯೆ, ಬಳಕೆಯ ಅಂತಿಮ ಅವಧಿ ಇವುಗಳನ್ನು ಒಂದೇ ಸಾಲಿನಲ್ಲಿ ಬರೆದಿಡುವುದು ಸೂಕ್ತ. ಉಷ್ಣಕಾಗದದ ಮೇಲೆ ಮುದ್ರಿತವಾದ ರಶೀದಿಗಳು ಕೆಲವೇ ತಿಂಗಳುಗಳಲ್ಲಿ ಅಳಿಸಿಹೋಗುವುದರಿಂದ ಅವುಗಳ ಛಾಯಾಪ್ರತಿ ತೆಗೆದಿರಿಸತಕ್ಕದ್ದು. ಲೆಕ್ಕಶಾಸ್ತ್ರದಲ್ಲಿ ಮೊದಲು ಬಂದ ಸರಕು ಮೊದಲು ಹೋಗಬೇಕೆಂಬ ಪದ್ಧತಿ ಇದೆಯಾದರೂ, ಈ ಬಗೆಯ ಸರಕಿನಲ್ಲಿ ಮೊದಲು ಅವಧಿ ಮುಗಿಯುವ ಸರಕೇ ಮೊದಲು ಹೋಗಬೇಕು.

ಅಂತರ್ಜಾಲ ವ್ಯಾಪಾರ ವೇದಿಕೆಗಳು ಸಹ ಹಲವು ಬ್ರಾಂಡುಗಳ ವಿಷಯದಲ್ಲಿ ಮಾರಾಟಗಾರರಿಂದ ಖರೀದಿ ರಶೀದಿಯನ್ನೋ ಕಂಪನಿಯ ಅಧಿಕಾರ ಪತ್ರವನ್ನೋ ಕೇಳುತ್ತವೆ. ಸರಕು ಕೊಂಡ ಮೇಲೆ ಇದನ್ನು ವಿಚಾರಿಸುವುದಕ್ಕಿಂತ ಕೊಳ್ಳುವ ಮೊದಲೇ ವಿಚಾರಿಸುವುದು ಲೇಸು.

ರಿಯಾಯಿತಿ ಏಕೆ ದೊರೆಯುತ್ತಿದೆ ಎಂಬುದರ ಪರಿಶೀಲನೆ

ಅಂಗಡಿಯವನು ನಷ್ಟಕ್ಕೆ ಮಾರುವುದಿಲ್ಲ; ಮಾರಿದರೆ ಅದಕ್ಕೊಂದು ಕಾರಣವಿರುತ್ತದೆ. ಹಬ್ಬದ ನಂತರ ಉಳಿದ ಸರಕು, ಕಂಪನಿಯು ಡಬ್ಬಿಯ ವಿನ್ಯಾಸ ಬದಲಿಸಿದ್ದರಿಂದ ಉಳಿದ ಹಳೆಯ ಸರಕು, ಚಳಿಗಾಲ ಮುಗಿದ ಮೇಲೆ ಉಳಿದ ತುಟಿಯ ಮತ್ತು ಮೈಯ ಕ್ರೀಮುಗಳು - ಇವು ಒಳ್ಳೆಯ ಕಾರಣಗಳು. ಸಂಕ್ರಾಂತಿಯ ಸಮಯದಲ್ಲಿ ವಿಜಯಪುರದಲ್ಲಿ ಜರುಗುವ ಸಿದ್ಧೇಶ್ವರ ಜಾತ್ರೆಯಂಥ ಸಂದರ್ಭಕ್ಕೆಂದು ತರಿಸಿ ಉಳಿದ ಸರಕೂ ಈ ಗುಂಪಿಗೆ ಸೇರುತ್ತದೆ. ಬಳಕೆಯ ಅವಧಿ ಸಮೀಪಿಸಿರುವುದು ಮಧ್ಯಮ ಕಾರಣ. ಮೂಲ ತಿಳಿಯದ ಸರಕು, ನೀರಿಗೆ ಸಿಕ್ಕ ಸರಕು, ನಕಲಿ ಸರಕು ಇವು ಕೆಟ್ಟ ಕಾರಣಗಳು. ಯಾವ ಕಾರಣವೆಂದು ಅಂಗಡಿಯವನನ್ನು ನೇರವಾಗಿ ಕೇಳಲು ಸಂಕೋಚಪಡಬೇಕಾಗಿಲ್ಲ.

ಇತ್ತೀಚೆಗೆ ಇನ್ನೊಂದು ಕಾರಣವೂ ಸೇರಿಕೊಂಡಿದೆ. ದಿನಾಂಕ 22-09-2025ರಿಂದ ಕೇಶತೈಲ, ಶಾಂಪೂ, ಟೂತ್‌ಪೇಸ್ಟ್, ಸ್ನಾನದ ಸಾಬೂನಿನ ಬಿಲ್ಲೆ, ಟಾಲ್ಕಂ ಪೌಡರು, ಮುಖದ ಪೌಡರು, ಹಲ್ಲುಜ್ಜುವ ಬ್ರಷ್, ಕ್ಷೌರದ ಕ್ರೀಮು ಮುಂತಾದವುಗಳ ಮೇಲಿನ ಸರಕು ಮತ್ತು ಸೇವಾ ತೆರಿಗೆಯನ್ನು ಶೇಕಡಾ 18ರಿಂದ 5ಕ್ಕೆ ಇಳಿಸಲಾಯಿತು. ಮುಖದ ಕ್ರೀಮು, ತುಟಿಬಣ್ಣ ಮುಂತಾದ ಪ್ರಸಾಧನಗಳ ಮೇಲಿನ ಶೇಕಡಾ 18ರ ದರದಲ್ಲಿ ಇಳಿಕೆಯಾಗಲಿಲ್ಲ. ತೆರಿಗೆ ಇಳಿಕೆಗೆ ಮೊದಲು ತಯಾರಾದ ಸರಕಿನ ಮೇಲೆ ಹಳೆಯ ಗರಿಷ್ಠ ಚಿಲ್ಲರೆ ಬೆಲೆಯೇ ಮುದ್ರಿತವಾಗಿರಬಹುದು. ಉದಾಹರಣೆಗೆ, ತೆರಿಗೆ ಹೊರತುಪಡಿಸಿ 100 ರೂ. ಬೆಲೆಯ ಶಾಂಪೂವಿನ ಮೇಲೆ ಹಿಂದೆ 118 ರೂ. ಎಂದು ಮುದ್ರಿಸಲಾಗುತ್ತಿತ್ತು. ಹೊಸ ದರದಲ್ಲಿ ಅದು 105 ರೂ. ಆಗತಕ್ಕದ್ದು. 118ರ ಶೀಶೆಯನ್ನು ಅಂಗಡಿಯವನು ಶೇಕಡಾ 11ರ ರಿಯಾಯಿತಿಯಲ್ಲಿ 105ಕ್ಕೆ ಕೊಟ್ಟಲ್ಲಿ ಅದು ರಿಯಾಯಿತಿಯೇ ಅಲ್ಲ. ತೆರಿಗೆಯ ಇಳಿಕೆ ಮಾತ್ರ. ಅದನ್ನು ಲಾಭವೆಂದು ತಿಳಿದು ನೂರಾರು ಶೀಶೆ ಕೊಂಡವರಿಗೆ, ಹೊಸ ಮುದ್ರಿತ ಬೆಲೆಯ ಶೀಶೆ ಎಲ್ಲೆಡೆ ಅಷ್ಟೇ ಬೆಲೆಗೆ ಸಿಗುವಾಗ ಗಿರಾಕಿಗಳು ದೊರೆಯುವುದಿಲ್ಲ. ಹಳೆಯ ಸರಕು ಕೊಳ್ಳುವಾಗ ತಯಾರಿಕೆಯ ತಿಂಗಳು ಮತ್ತು ವರ್ಷವನ್ನು ನೋಡಿ, ರಿಯಾಯಿತಿಯನ್ನು ಹೊಸ ಬೆಲೆಯ ಮೇಲೆ ಲೆಕ್ಕ ಹಾಕತಕ್ಕದ್ದು.

ಲೇಬಲ್ಲಿನಲ್ಲಿ ನೋಡಬೇಕಾದ ಅಂಶಗಳು

2020ರ ಸೌಂದರ್ಯವರ್ಧಕಗಳ ನಿಯಮಗಳ ಪ್ರಕಾರ ಲೇಬಲ್ಲಿನಲ್ಲಿ ತಯಾರಕರ ಹೆಸರು ಮತ್ತು ವಿಳಾಸ, ತಯಾರಿಕಾ ಪರವಾನಗಿ ಸಂಖ್ಯೆ, ಬ್ಯಾಚ್ ಸಂಖ್ಯೆ, ಬಳಕೆಯ ಅಂತಿಮ ತಿಂಗಳು ಮತ್ತು ವರ್ಷ, ಒಳಗೊಂಡ ಪದಾರ್ಥಗಳ ಪಟ್ಟಿ ಇರತಕ್ಕದ್ದು. 10 ಗ್ರಾಂ ಅಥವಾ ಅದಕ್ಕಿಂತ ಕಡಿಮೆ ತೂಕದ ಘನ ಪದಾರ್ಥ ಹಾಗೂ 25 ಮಿ.ಲೀ. ಅಥವಾ ಅದಕ್ಕಿಂತ ಕಡಿಮೆ ಪ್ರಮಾಣದ ದ್ರವಕ್ಕೆ ಬ್ಯಾಚ್ ಸಂಖ್ಯೆಯಿಂದ ವಿನಾಯಿತಿ ಇದೆ. ಸಾಬೂನಿನ ಮೇಲೆ ಬ್ಯಾಚ್ ಸಂಖ್ಯೆಯ ಬದಲಿಗೆ ತಯಾರಿಕೆಯ ತಿಂಗಳು ಮತ್ತು ವರ್ಷ ಇರುತ್ತದೆ. ಆದುದರಿಂದ ಸಣ್ಣ ಪೊಟ್ಟಣದಲ್ಲಿ ಬ್ಯಾಚ್ ಸಂಖ್ಯೆ ಇಲ್ಲವೆಂದ ಮಾತ್ರಕ್ಕೆ ಅದು ನಕಲಿಯೆಂದು ತೀರ್ಮಾನಿಸಬೇಕಾಗಿಲ್ಲ. ದೊಡ್ಡ ಡಬ್ಬಿಯಲ್ಲಿ ಇಲ್ಲದಿದ್ದರೆ ಮಾತ್ರ ಅದನ್ನು ಅಲ್ಲಿಯೇ ಬಿಟ್ಟು ಬರುವುದು ಒಳ್ಳೆಯದು. ವಿದೇಶದಿಂದ ಬಂದ ವಸ್ತುವಾದಲ್ಲಿ ಆಮದುದಾರರ ಹೆಸರು, ವಿಳಾಸ ಹಾಗೂ ಆಮದು ನೋಂದಣಿ ಪ್ರಮಾಣಪತ್ರದ ಸಂಖ್ಯೆ ಇರಬೇಕು. ಪರಭಾಷೆಯ ಅಕ್ಷರಗಳಷ್ಟೇ ಇದ್ದು ಭಾರತದ ಆಮದುದಾರರ ಉಲ್ಲೇಖವಿಲ್ಲದ ಕ್ರೀಮುಗಳನ್ನು ಯಾವ ಬೆಲೆಗೂ ಕೊಳ್ಳತಕ್ಕದ್ದಲ್ಲ.

ಈ ಎಚ್ಚರಿಕೆಯು ಕೇವಲ ಕಾಗದದ ವಿಷಯವಲ್ಲ. ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ 2021ರ ಜುಲೈನಿಂದ 2023ರ ಸೆಪ್ಟೆಂಬರ್‌ವರೆಗೆ ಒಂದು ಬಗೆಯ ಮೂತ್ರಪಿಂಡದ ಕಾಯಿಲೆಯ 22 ಪ್ರಕರಣಗಳನ್ನು ವೈದ್ಯರು ಅಧ್ಯಯನ ಮಾಡಿದರು. ಅವುಗಳಲ್ಲಿ 15 ರೋಗಿಗಳಲ್ಲಿ ವಿರಳವಾದ ಒಂದು ಪ್ರೋಟೀನಿನ ಗುರುತು ಕಂಡುಬಂದಿತು. ಆ 15 ಜನರಲ್ಲಿ 13 ಮಂದಿ ಮುಖ ಬೆಳ್ಳಗಾಗಿಸುವ ಕ್ರೀಮು ಬಳಸಿದ್ದರು. ಪಾದರಸವಿರುವ ಇಂಥ ಕ್ರೀಮುಗಳತ್ತ ಆ ಅಧ್ಯಯನವು ಬೆರಳು ಮಾಡಿತು. ಕಣ್ಣಿನ ಸುತ್ತ ಬಳಸುವ ಕೆಲವು ವಸ್ತುಗಳನ್ನು ಬಿಟ್ಟು ಉಳಿದ ಸೌಂದರ್ಯವರ್ಧಕಗಳಲ್ಲಿ, ಉದ್ದೇಶವಿಲ್ಲದೆ ಸೇರಿದ ಪಾದರಸವೂ ಹತ್ತು ಲಕ್ಷದಲ್ಲಿ ಒಂದು ಭಾಗವನ್ನು ಮೀರಕೂಡದೆಂದು ನಿಯಮವಿದೆ. ಬರಿಗಣ್ಣಿಗೆ ಇದು ಕಾಣುವುದಿಲ್ಲ. ತಯಾರಕರ ಹೆಸರು ಮತ್ತು ಖರೀದಿ ರಶೀದಿ ಇವೆರಡೇ ಮಾರಾಟಗಾರನ ಕೈಯಲ್ಲಿರುವ ಪರೀಕ್ಷೆ.

ಯಾವುದೇ ಔಷಧ ಅಥವಾ ಸೌಂದರ್ಯವರ್ಧಕವನ್ನು ಖರೀದಿಸಿದ ವ್ಯಕ್ತಿಯು ಅದರ ಬಗ್ಗೆ ಸಂದೇಹವಿದ್ದಲ್ಲಿ, ಕಾಯ್ದೆಯ 26ನೇ ಪ್ರಕರಣದ ಮೇರೆಗೆ ನಿಗದಿತ ಶುಲ್ಕ ಪಾವತಿಸಿ ಸರ್ಕಾರಿ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಿ ವರದಿ ಪಡೆಯಬಹುದಾಗಿದೆ. ಈ ಸೌಲಭ್ಯವನ್ನು ಬಳಸಿಕೊಳ್ಳುವವರು ತೀರ ಕಡಿಮೆ. ದೊಡ್ಡ ಪ್ರಮಾಣದಲ್ಲಿ ಒಂದೇ ಬ್ಯಾಚಿನ ಸರಕು ಕೊಳ್ಳುವವರಿಗೆ ಇದು ಉಪಯುಕ್ತ.

ಮಾರಕೂಡದ ವಸ್ತುಗಳು

ಆರೋಗ್ಯ ಸಾಮಗ್ರಿ ಎಂಬ ಹೆಸರಿನಡಿ ಔಷಧಗಳನ್ನೂ ಸೇರಿಸುವ ಪರಿಪಾಠ ಕಂಡುಬರುತ್ತದೆ. ಔಷಧ ಮಾರಾಟಕ್ಕೆ ಪರವಾನಗಿ ಕಡ್ಡಾಯ. ಔಷಧದ ಅಂಗಡಿಯಿಂದ ರಿಯಾಯಿತಿಯಲ್ಲಿ ಕೊಂಡ ಮಾತ್ರೆ, ಮುಲಾಮು, ಕೆಮ್ಮಿನ ಔಷಧಗಳನ್ನು ಪರವಾನಗಿ ಇಲ್ಲದವರು ಅಂತರ್ಜಾಲದಲ್ಲಿ ಮಾರುವಂತಿಲ್ಲ. ಒಂದು ಸಾವಿರಕ್ಕೆ ಮೀರದ ಜನಸಂಖ್ಯೆಯ ಗ್ರಾಮಗಳಲ್ಲಿ ನೋವಿನ ಮುಲಾಮು, ಪ್ಯಾರಸಿಟಮಾಲ್ ಮುಂತಾದ ಮನೆಮದ್ದುಗಳ ಮಾರಾಟಕ್ಕೆ ಔಷಧ ನಿಯಮಗಳ ಕೆ ಅನುಸೂಚಿಯಲ್ಲಿ ಷರತ್ತುಬದ್ಧ ವಿನಾಯಿತಿ ಇದೆ. ಈ ವಿನಾಯಿತಿಯು ಅಂಥ ಗ್ರಾಮದಲ್ಲಿ ಮಾರುವ ಕಿರಾಣಿ ಅಂಗಡಿಗೆ ಸಂಬಂಧಿಸಿದ್ದು; ಗ್ರಾಮದಲ್ಲಿ ಕುಳಿತು ಊರೂರಿಗೆ ಅಂಚೆಯಲ್ಲಿ ಕಳುಹಿಸುವವರು ಇದನ್ನು ನೆಚ್ಚಿಕೊಳ್ಳತಕ್ಕದ್ದಲ್ಲ.

ಬೀಟಾಮೆಥಾಸೋನ್, ಕ್ಲೋಬೆಟಾಸಾಲ್, ಮೊಮೆಟಾಸೋನ್ ಮುಂತಾದ ಸ್ಟೀರಾಯ್ಡ್ ಇರುವ ಚರ್ಮದ ಕ್ರೀಮುಗಳನ್ನು ಮುಖ ಬೆಳ್ಳಗಾಗಲೆಂದು ಹಚ್ಚಿಕೊಳ್ಳುವ ರೂಢಿ ನಮ್ಮ ಹಳ್ಳಿಗಳಲ್ಲಿಯೂ ಇದೆ. ಇವು ಸೌಂದರ್ಯವರ್ಧಕಗಳಲ್ಲ, ಔಷಧಗಳು. 2018ರ ಮಾರ್ಚ್ ತಿಂಗಳಿನ ಅಧಿಸೂಚನೆಯಿಂದ ಇವುಗಳನ್ನು ಎಚ್ ಅನುಸೂಚಿಯಡಿ ತರಲಾಗಿದ್ದು, ನೋಂದಾಯಿತ ವೈದ್ಯರ ಚೀಟಿ ಇಲ್ಲದೆ ಔಷಧದ ಅಂಗಡಿಯವರೂ ಇವುಗಳನ್ನು ಮಾರುವಂತಿಲ್ಲ. ಪೊಟ್ಟಣದ ಮೇಲೆ ಚೆಲುವಾದ ಮುಖದ ಚಿತ್ರವಿದ್ದರೂ ಸಣ್ಣ ಅಕ್ಷರಗಳಲ್ಲಿ ಮುದ್ರಿಸಿರುವುದನ್ನು ಓದತಕ್ಕದ್ದು.

"ವೈದ್ಯರ ಮಾದರಿ - ಮಾರಾಟಕ್ಕಲ್ಲ", "ಸರ್ಕಾರಿ ಸರಬರಾಜು - ಮಾರಾಟಕ್ಕಲ್ಲ" ಎಂಬ ಮುದ್ರೆಯುಳ್ಳವು, ಶುಚಿ ಯೋಜನೆಯಡಿ ಬಾಲಕಿಯರಿಗೆ ವಿತರಿಸುವ ಸ್ಯಾನಿಟರಿ ನ್ಯಾಪ್‌ಕಿನ್‌ಗಳು, ಸೈನಿಕ ಕ್ಯಾಂಟೀನಿನಿಂದ ಪಡೆದ ಸರಕು - ಇವು ಎಷ್ಟೇ ಅಗ್ಗವಾಗಿ ಸಿಕ್ಕರೂ ಮರುಮಾರಾಟಕ್ಕೆ ಅರ್ಹವಲ್ಲ. ಆಯುರ್ವೇದ ಔಷಧಗಳ ಮಾರಾಟಕ್ಕೆ ಪ್ರತ್ಯೇಕ ಪರವಾನಗಿಯ ವ್ಯವಸ್ಥೆ ಇಲ್ಲದಿದ್ದರೂ ತಯಾರಿಕಾ ಪರವಾನಗಿ ಸಂಖ್ಯೆಯಿಲ್ಲದ ಸರಕನ್ನು ಮುಟ್ಟತಕ್ಕದ್ದಲ್ಲ. ಮಧುಮೇಹ, ಬಂಜೆತನ ಮುಂತಾದವು ಗುಣವಾಗುತ್ತವೆಂದು ಜಾಹೀರಾತು ನೀಡುವುದು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆಯಡಿ ಅಪರಾಧವಾಗುತ್ತದೆ. ಪ್ರೋಟೀನ್ ಪುಡಿ, ವಿಟಮಿನ್ ಪೂರಕಗಳು ಆಹಾರದ ವ್ಯಾಖ್ಯೆಗೆ ಒಳಪಡುವುದರಿಂದ ಅವುಗಳಿಗೆ ಆಹಾರ ಸುರಕ್ಷತಾ ನೋಂದಣಿ ಅಥವಾ ಪರವಾನಗಿ ಪಡೆಯಬೇಕಾಗುತ್ತದೆ.

ಬೆಲೆ, ಪೊಟ್ಟಣ ಮತ್ತು ಮರುಪ್ಯಾಕಿಂಗ್

2011ರ ಕಾನೂನು ಮಾಪನಶಾಸ್ತ್ರ (ಪೊಟ್ಟಣ ಸಾಮಗ್ರಿಗಳು) ನಿಯಮಗಳ 18ನೇ ನಿಯಮದ ಮೇರೆಗೆ ಮುದ್ರಿತ ಗರಿಷ್ಠ ಚಿಲ್ಲರೆ ಬೆಲೆಗಿಂತ ಹೆಚ್ಚಿಗೆ ಮಾರುವಂತಿಲ್ಲ. ಆ ಬೆಲೆಯನ್ನು ಅಳಿಸುವುದು, ಉಜ್ಜುವುದು, ತಿದ್ದುವುದು ಸಹ ನಿಷಿದ್ಧ. ರಿಯಾಯಿತಿ ಅಂಗಡಿಯವರು ಅಂಟಿಸಿದ ಚೀಟಿಯನ್ನು ಕೀಳುವಾಗ ಕೆಳಗಿನ ಮೂಲ ಬೆಲೆ ಕಿತ್ತುಹೋಗದಂತೆ ಜಾಗ್ರತೆ ವಹಿಸಬೇಕು. ದಿನಾಂಕ 01-01-2018ರಿಂದ ಅಂತರ್ಜಾಲದಲ್ಲಿ ಮಾರುವ ಪೊಟ್ಟಣಗಳ ವಿವರಗಳನ್ನು, ಅಂದರೆ ತಯಾರಕರ ಹೆಸರು ವಿಳಾಸ, ನಿವ್ವಳ ಪ್ರಮಾಣ, ಗರಿಷ್ಠ ಬೆಲೆ ಮುಂತಾದವುಗಳನ್ನು, ಮಾರಾಟದ ಪುಟದಲ್ಲಿಯೂ ಪ್ರದರ್ಶಿಸುವುದು ಕಡ್ಡಾಯವಾಗಿದೆ. ವೇದಿಕೆಯು ಬೇರೆಯವರದಾಗಿದ್ದರೂ ವಿವರಗಳು ಸರಿಯಿರುವ ಹೊಣೆ ಮಾರಾಟಗಾರನದೇ. ಅಂಚೆ ಅಥವಾ ಸಾಗಣೆ ವೆಚ್ಚ ವಿಧಿಸುವುದಾದಲ್ಲಿ ಒಟ್ಟು ಬೆಲೆಯನ್ನು ಒಂದೇ ಅಂಕಿಯಲ್ಲಿ ತೋರಿಸಿ, ಅದರ ವಿಭಾಗವನ್ನೂ ನೀಡತಕ್ಕದ್ದು.

ದೊಡ್ಡ ಡಬ್ಬಿಯನ್ನು ಒಡೆದು ಸಣ್ಣ ಶೀಶೆಗಳಿಗೆ ತುಂಬಿ ತಮ್ಮ ಹೆಸರಿನ ಚೀಟಿ ಅಂಟಿಸಿ ಮಾರುವುದು ಮರುಮಾರಾಟವಲ್ಲ. ಒಡೆಯುವುದು, ತುಂಬುವುದು, ಲೇಬಲ್ ಹಚ್ಚುವುದು ತಯಾರಿಕೆಯ ವ್ಯಾಖ್ಯೆಗೆ ಸೇರುವುದರಿಂದ ತಯಾರಿಕಾ ಪರವಾನಗಿಯ ಪ್ರಶ್ನೆ ಉದ್ಭವಿಸುತ್ತದೆ. ಇದೇ ಸಂದರ್ಭದಲ್ಲಿ ಇನ್ನೊಂದು ವಿಷಯ. 2023ರಲ್ಲಿ ಇಂಡಿ ಲಿಂಬೆಗೆ ಭೌಗೋಳಿಕ ಸೂಚಕ ಮಾನ್ಯತೆ ದೊರೆತಿದೆ. ಲಿಂಬೆಯ ಸಾಬೂನು, ತಲೆಗೆ ಹಚ್ಚುವ ಲಿಂಬೆಯ ಎಣ್ಣೆ ಮುಂತಾದವುಗಳನ್ನು ಮನೆಯಲ್ಲಿಯೇ ತಯಾರಿಸಿ ಕೊಂಡ ಸರಕಿನ ಜೊತೆಗೆ ಮಾರುವ ಆಸೆ ಸಹಜವೇ ಆಗಿದೆ. ಆದರೆ ಮಾರಾಟಕ್ಕೆಂದು ಸೌಂದರ್ಯವರ್ಧಕ ತಯಾರಿಸಲು, ಅದು ಸ್ವಸಹಾಯ ಸಂಘದವರೇ ಆಗಿದ್ದರೂ, ಪರವಾನಗಿ ಬೇಕು. ಈ ಬಗ್ಗೆ ಪ್ರತ್ಯೇಕ ಅರ್ಜಿ ಸಲ್ಲಿಸಬೇಕಾಗುತ್ತದೆ.

ಗಡಿ ತಾಲ್ಲೂಕುಗಳು ಮತ್ತು ತೆರಿಗೆ ನೋಂದಣಿ

ಸರಕುಗಳನ್ನು ಮಾತ್ರ ಮಾರುವ ವ್ಯಾಪಾರಿಯ ವಾರ್ಷಿಕ ವಹಿವಾಟು ಕರ್ನಾಟಕದಲ್ಲಿ 40 ಲಕ್ಷ ರೂ. ಮೀರದಿದ್ದಲ್ಲಿ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಅಗತ್ಯವಿಲ್ಲ. ಅಂತರ್ಜಾಲ ವೇದಿಕೆಗಳ ಮೂಲಕ ಮಾರುವವರಿಗೆ ಮೊದಲು ಈ ವಿನಾಯಿತಿ ಇರಲಿಲ್ಲ. ಒಂದು ಸಾಬೂನು ಮಾರಿದರೂ ನೋಂದಣಿ ಮಾಡಿಸಬೇಕಿತ್ತು. ದಿನಾಂಕ 01-10-2023ರಿಂದ ಇವರಿಗೂ ವಿನಾಯಿತಿ ದೊರೆತಿದೆ. ಇದಕ್ಕಾಗಿ ಪ್ಯಾನ್ ಸಂಖ್ಯೆ ಮತ್ತು ವ್ಯಾಪಾರದ ಸ್ಥಳವನ್ನು ಜಿಎಸ್‌ಟಿ ಪೋರ್ಟಲ್‌ನಲ್ಲಿ ಘೋಷಿಸಿ ದಾಖಲಾತಿ ಸಂಖ್ಯೆ ಪಡೆಯತಕ್ಕದ್ದು, ಒಂದೇ ರಾಜ್ಯದಲ್ಲಿ ವ್ಯಾಪಾರ ನಡೆಸತಕ್ಕದ್ದು ಮತ್ತು ಹೊರರಾಜ್ಯಕ್ಕೆ ಸರಕು ಮಾರತಕ್ಕದ್ದಲ್ಲ.

ಕೊನೆಯ ಷರತ್ತು ಈ ಭಾಗದ ಜನರಿಗೆ ಬಹು ಮುಖ್ಯ. ಇಂಡಿ ತಾಲ್ಲೂಕಿನ ಉತ್ತರದಲ್ಲಿ ಭೀಮಾ ನದಿ ದಾಟಿದರೆ ಮಹಾರಾಷ್ಟ್ರದ ಸೊಲ್ಲಾಪುರ ಜಿಲ್ಲೆ. ಚಡಚಣ, ಇಂಡಿಯ ಜನರಿಗೆ ಸೊಲ್ಲಾಪುರವು ಪೇಟೆಯೂ ಹೌದು, ನೆಂಟರ ಊರೂ ಹೌದು. ಸೊಲ್ಲಾಪುರದ ಅಂಗಡಿಯಿಂದ ಸರಕು ಕೊಂಡು ತಂದು ಕರ್ನಾಟಕದೊಳಗೆ ಮಾರುವುದರಿಂದ ಕೊಂಡವನ ಮೇಲೆ ನೋಂದಣಿಯ ಭಾರ ಬೀಳುವುದಿಲ್ಲ. ಆದರೆ ಇಂಡಿಯಿಂದ ಸೊಲ್ಲಾಪುರದ ಗಿರಾಕಿಗೆ ಒಂದು ಶಾಂಪೂ ಕಳುಹಿಸಿದರೂ ಅದು ಅಂತರರಾಜ್ಯ ಮಾರಾಟವಾಗುತ್ತದೆ ಮತ್ತು ವಹಿವಾಟು ಎಷ್ಟೇ ಚಿಕ್ಕದಾಗಿರಲಿ ನೋಂದಣಿ ಕಡ್ಡಾಯವಾಗುತ್ತದೆ. ವೇದಿಕೆಯ ಮೂಲಕವಲ್ಲದೆ ವಾಟ್ಸಾಪ್‌ನಲ್ಲಿ ಬೇಡಿಕೆ ಪಡೆದು ಕಳುಹಿಸಿದರೂ ಇದೇ ನಿಯಮ. ಮುದ್ದೇಬಿಹಾಳ ಅಥವಾ ಬಸವನ ಬಾಗೇವಾಡಿಯವರಿಗೆ ನೆರೆಯ ಬಾಗಲಕೋಟೆಯೂ, ಸಿಂದಗಿಯವರಿಗೆ ನೆರೆಯ ಕಲಬುರಗಿಯೂ ರಾಜ್ಯದೊಳಗೇ ಇರುವುದರಿಂದ ಈ ತೊಡಕು ಕಡಿಮೆ. ನೋಂದಣಿ ಇಲ್ಲದವರು ವೇದಿಕೆಯಲ್ಲಿ ತಮ್ಮ ಮಾರಾಟದ ವ್ಯಾಪ್ತಿಯನ್ನು ಕರ್ನಾಟಕಕ್ಕೆ ಸೀಮಿತಗೊಳಿಸಿರುವುದನ್ನು ಖಚಿತಪಡಿಸಿಕೊಳ್ಳತಕ್ಕದ್ದು.

ನೋಂದಣಿ ಪಡೆದವರಿಗೆ ಖರೀದಿಯ ಮೇಲೆ ತೆತ್ತ ತೆರಿಗೆಯನ್ನು ಹೊಂದಿಸಿಕೊಳ್ಳುವ ಅವಕಾಶವಿದ್ದು, ಅದಕ್ಕೆ ತಮ್ಮ ಜಿಎಸ್‌ಟಿ ಸಂಖ್ಯೆ ನಮೂದಾದ ತೆರಿಗೆ ರಶೀದಿ ಬೇಕಾಗುತ್ತದೆ. ಇವರ ಮಾರಾಟದ ಮೊತ್ತದಿಂದ ವೇದಿಕೆಯವರು ಶೇಕಡಾ 0.5ರಷ್ಟು ತೆರಿಗೆ ಸಂಗ್ರಹಿಸುತ್ತಾರೆ. ದಿನಾಂಕ 10-07-2024ಕ್ಕೆ ಮೊದಲು ಇದು ಶೇಕಡಾ 1 ಇತ್ತು. ಇದು ವ್ಯಾಪಾರಿಯ ಲೆಕ್ಕಕ್ಕೆ ಜಮೆಯಾಗುವ ಹಣ, ನಷ್ಟವಲ್ಲ.

2025ರ ಜುಲೈ ತಿಂಗಳಿನಲ್ಲಿ, ಯುಪಿಐ ಮೂಲಕ ಜಮೆಯಾದ ಮೊತ್ತವನ್ನು ಆಧರಿಸಿ ರಾಜ್ಯದ ಅನೇಕ ಸಣ್ಣ ವ್ಯಾಪಾರಿಗಳಿಗೆ ವಾಣಿಜ್ಯ ತೆರಿಗೆಗಳ ಇಲಾಖೆಯಿಂದ ನೋಟಿಸುಗಳು ಹೋದದ್ದು ಸಾರ್ವಜನಿಕರಿಗೆ ನೆನಪಿರಬಹುದು. ಮಗಳ ಮದುವೆಗೆಂದು ಬಂಧುಗಳು ಹಾಕಿದ ಹಣ, ಕೈಸಾಲ, ವ್ಯಾಪಾರದ ಜಮೆ ಎಲ್ಲವೂ ಒಂದೇ ಖಾತೆಯಲ್ಲಿದ್ದರೆ ಅವುಗಳನ್ನು ಬಿಡಿಸಿ ತೋರಿಸುವ ಹೊರೆ ಖಾತೆದಾರನ ಮೇಲೆ ಬೀಳುತ್ತದೆ. ವ್ಯಾಪಾರಕ್ಕೆ ಪ್ರತ್ಯೇಕ ಬ್ಯಾಂಕ್ ಖಾತೆ ಮತ್ತು ಪ್ರತ್ಯೇಕ ಕ್ಯೂಆರ್ ಸಂಕೇತ ಇಟ್ಟುಕೊಳ್ಳುವುದಕ್ಕೆ ಖರ್ಚಿಲ್ಲ.

ಲಾಭದ ಲೆಕ್ಕ

ಇಲಾಖೆಯು ಯಾರಿಗೂ ವ್ಯಾಪಾರ ಮಾಡೆಂದಾಗಲಿ ಬೇಡವೆಂದಾಗಲಿ ಸಲಹೆ ನೀಡುವುದಿಲ್ಲ. ಆದಾಗ್ಯೂ ಸಾಲ ಪಡೆದು ಸರಕು ತುಂಬಿಸುವವರು ಈ ಕೆಳಕಂಡ ಲೆಕ್ಕವನ್ನು ಒಮ್ಮೆ ನೋಡುವುದು ಹಿತಕರ. ಇಲ್ಲಿನ ಅಂಕಿಗಳು ಉದಾಹರಣೆಗೆ ಮಾತ್ರ. ತಮ್ಮ ವೇದಿಕೆಯ ಮತ್ತು ಕೊರಿಯರಿನ ನಿಜವಾದ ದರಗಳನ್ನು ಹಾಕಿಕೊಳ್ಳತಕ್ಕದ್ದು.

200 ರೂ. ಮುದ್ರಿತ ಬೆಲೆಯ ಕ್ರೀಮು ಶೇಕಡಾ 30ರ ರಿಯಾಯಿತಿಯಲ್ಲಿ 140 ರೂ.ಗೆ ದೊರೆಯಿತೆಂದು ಭಾವಿಸೋಣ. ಅದನ್ನು 180ಕ್ಕೆ ಮಾರಿದರೆ 40 ರೂ. ಲಾಭವೆಂದು ಮೇಲ್ನೋಟಕ್ಕೆ ತೋರುತ್ತದೆ. ವೇದಿಕೆಯ ಶುಲ್ಕ ಶೇಕಡಾ 15ರಂತೆ 27, ಪ್ಯಾಕಿಂಗ್ 8, ಕೊರಿಯರ್ 40 ಎಂದಿಟ್ಟುಕೊಂಡರೆ ಕೈಗೆ ಬರುವುದು 105 ರೂ. ಅಂದರೆ 35 ರೂ. ನಷ್ಟ. ಮೂರು ಡಬ್ಬಿಗಳನ್ನು ಒಟ್ಟಾಗಿ 540ಕ್ಕೆ ಮಾರಿ, ಶುಲ್ಕ 81, ಪ್ಯಾಕಿಂಗ್ 12, ಕೊರಿಯರ್ 55 ಕಳೆದರೆ 392 ಉಳಿಯುತ್ತದೆ. ಖರೀದಿ 420 ಆಗಿರುವುದರಿಂದ ಆಗಲೂ 28 ರೂ. ನಷ್ಟವೇ. ಶೇಕಡಾ 45ರ ರಿಯಾಯಿತಿಯಲ್ಲಿ, ಅಂದರೆ ಡಬ್ಬಿಗೆ 110ರಂತೆ ಕೊಂಡಿದ್ದರೆ ಮಾತ್ರ ಮೂರರ ಮೇಲೆ 62 ರೂ. ಉಳಿಯುತ್ತದೆ. ಇಂಥ ಹತ್ತು ಪಾರ್ಸೆಲ್‌ಗಳಲ್ಲಿ ಒಂದು ಮಾತ್ರ ಮುಚ್ಚಳ ತೆರೆದ ಸ್ಥಿತಿಯಲ್ಲಿ ಹಿಂದಕ್ಕೆ ಬಂದಿತೆನ್ನೋಣ. ಒಂಬತ್ತರ ಲಾಭ 558. ಹಿಂದೆ ಬಂದುದರ ಸರಕು 330, ಹೋಗಿ ಬರುವ ಕೊರಿಯರ್ 110, ಪ್ಯಾಕಿಂಗ್ 12, ಒಟ್ಟು 452 ನಷ್ಟ. ಹತ್ತು ಪಾರ್ಸೆಲ್‌ಗಳ ನಿವ್ವಳ ಲಾಭ 106 ರೂ. ಇದರಲ್ಲಿ ಊರಿಂದೂರಿಗೆ ಬಸ್ಸಿನ ಖರ್ಚನ್ನು ಸೇರಿಸಿಲ್ಲ.

ತೆರೆದ ಡಬ್ಬಿಯನ್ನು ಪುನಃ ಮುಚ್ಚಿ ಮತ್ತೊಬ್ಬರಿಗೆ ಕಳುಹಿಸುವ ಪ್ರಲೋಭನೆಗೆ ಈ ಹಂತದಲ್ಲಿಯೇ ಹಲವರು ಒಳಗಾಗುತ್ತಾರೆ. ಮೇಲೆ ವಿವರಿಸಿದ 19ನೇ ಪ್ರಕರಣದ ರಕ್ಷಣೆ ಅಲ್ಲಿಗೆ ಮುಗಿಯುತ್ತದೆ.

ದಾಸ್ತಾನು ಮತ್ತು ಸಾಗಣೆ

ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ವಿಜಯಪುರ ಜಿಲ್ಲೆಯ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ತಗಡಿನ ಮಾಡಿನ ಕೆಳಗೆ ಇನ್ನೂ ಹೆಚ್ಚು. ತುಟಿಬಣ್ಣ ಕರಗುತ್ತದೆ, ಕ್ರೀಮಿನಲ್ಲಿ ಎಣ್ಣೆ ಮತ್ತು ನೀರು ಬೇರ್ಪಡುತ್ತವೆ. "ತಂಪಾದ ಒಣ ಸ್ಥಳದಲ್ಲಿಡಿ" ಎಂದು ಲೇಬಲ್ ಹೇಳಿದ್ದಲ್ಲಿ ಅದರಂತೆ ಇರಿಸುವುದು ಮಾರಾಟಗಾರನ ಹೊಣೆ. ಈ ಭಾಗದ ಹಳೆಯ ಕಲ್ಲಿನ ಮನೆಗಳ ಒಳಕೋಣೆ ಹೊಸ ತಗಡಿನ ಗೋದಾಮಿಗಿಂತ ಉತ್ತಮ. ಬೇಸಿಗೆಯ ಮೂರು ತಿಂಗಳು ಕ್ರೀಮುಗಳ ಖರೀದಿಯನ್ನು ಕಡಿಮೆ ಮಾಡಿ ಸಾಬೂನು, ಪೌಡರುಗಳತ್ತ ವಾಲುವುದು ಜಾಣತನ. ಸುಗಂಧ ದ್ರವ್ಯ, ಸ್ಪ್ರೇ ಡಬ್ಬಿ, ಉಗುರುಬಣ್ಣ ಇವು ಬೇಗ ಹೊತ್ತಿಕೊಳ್ಳುವ ಸ್ವಭಾವದವಾಗಿದ್ದು ವಿಮಾನದ ಮೂಲಕ ಸಾಗುವ ಅಂಚೆಗೆ ಸ್ವೀಕಾರಾರ್ಹವಲ್ಲ. ಅಂಚೆ ಕಚೇರಿಯಲ್ಲಿ ಒಳಗಿನ ವಸ್ತುವನ್ನು ಮರೆಮಾಚತಕ್ಕದ್ದಲ್ಲ.

ಅರ್ಜಿ ಮತ್ತು ದೂರುಗಳು

ವ್ಯಾಪಾರ ಪರವಾನಗಿಗೆ ತಮ್ಮ ವ್ಯಾಪ್ತಿಯ ನಗರ ಸ್ಥಳೀಯ ಸಂಸ್ಥೆ ಅಥವಾ ಗ್ರಾಮ ಪಂಚಾಯಿತಿಯನ್ನು ಸಂಪರ್ಕಿಸತಕ್ಕದ್ದು. ಉದ್ಯಮ್ ನೋಂದಣಿಯನ್ನು 2021ರ ಜುಲೈನಿಂದ ಚಿಲ್ಲರೆ ಮತ್ತು ಸಗಟು ವ್ಯಾಪಾರಿಗಳೂ ಪಡೆಯಬಹುದಾಗಿದ್ದು, ಇದರ ಪ್ರಯೋಜನವು ಆದ್ಯತಾ ವಲಯದ ಬ್ಯಾಂಕ್ ಸಾಲಕ್ಕೆ ಸೀಮಿತವಾಗಿದೆ. ನೋಂದಣಿಯು ಉಚಿತವಾಗಿರುವುದರಿಂದ ಮಧ್ಯವರ್ತಿಗಳಿಗೆ ಹಣ ನೀಡತಕ್ಕದ್ದಲ್ಲ. ಪರವಾನಗಿ ಸಂಖ್ಯೆಯ ಬಗ್ಗೆ ಅನುಮಾನ ಬಂದಲ್ಲಿ ಅಥವಾ ಪರವಾನಗಿ ಅಗತ್ಯವಿದೆಯೇ ಎಂಬ ಸಂದೇಹವಿದ್ದಲ್ಲಿ ಜಿಲ್ಲಾ ಕೇಂದ್ರದ ಔಷಧ ನಿಯಂತ್ರಣ ಕಚೇರಿಗೆ ಲಿಖಿತವಾಗಿ ಬರೆದು ಲಿಖಿತ ಉತ್ತರವನ್ನೇ ಪಡೆಯುವುದು ಸೂಕ್ತ.

2020ರ ಗ್ರಾಹಕ ಸಂರಕ್ಷಣೆ (ಇ-ವಾಣಿಜ್ಯ) ನಿಯಮಗಳ ಮೇರೆಗೆ ಮಾರಾಟಗಾರನು ಕುಂದುಕೊರತೆ ಅಧಿಕಾರಿಯನ್ನು ನೇಮಿಸಿ, ಬಂದ ದೂರನ್ನು 48 ಗಂಟೆಗಳೊಳಗೆ ಸ್ವೀಕೃತಿಪಡಿಸಿ, ಒಂದು ತಿಂಗಳೊಳಗೆ ಇತ್ಯರ್ಥಪಡಿಸತಕ್ಕದ್ದು. ಒಬ್ಬರೇ ನಡೆಸುವ ವ್ಯಾಪಾರದಲ್ಲಿ ಮಾಲೀಕರೇ ಈ ಕೆಲಸ ಮಾಡಬೇಕಾಗುತ್ತದೆ. ತಮ್ಮ ಹೆಸರು ಮತ್ತು ದೂರವಾಣಿಯನ್ನು ಮಾರಾಟದ ವಿವರದಲ್ಲಿ ನೀಡತಕ್ಕದ್ದು. ದೋಷಪೂರಿತ ವಸ್ತುವನ್ನು ಹಿಂಪಡೆಯಲು ನಿರಾಕರಿಸುವಂತಿಲ್ಲ. ಹುಸಿ ಅಭಿಪ್ರಾಯಗಳನ್ನು ತಾವೇ ಗ್ರಾಹಕರಂತೆ ಬರೆದು ಪ್ರಕಟಿಸುವಂತಿಲ್ಲ.

ರಿಯಾಯಿತಿಯಲ್ಲಿ ಕೊಂಡ ಸರಕು ನಕಲಿಯೆಂದು ಕಂಡುಬಂದಲ್ಲಿ ಅದನ್ನು ಬೇರೆಯವರಿಗೆ ದಾಟಿಸದೆ, ಉಳಿದ ಸರಕನ್ನು ಹಾಗೆಯೇ ಪ್ರತ್ಯೇಕವಾಗಿ ಇರಿಸಿ, ರಶೀದಿಯ ಪ್ರತಿಯೊಂದಿಗೆ ಔಷಧ ಪರಿವೀಕ್ಷಕರಿಗೆ ದೂರು ಸಲ್ಲಿಸತಕ್ಕದ್ದು. ಮರುಮಾರಾಟಕ್ಕೆಂದು ಕೊಂಡವರನ್ನು 2019ರ ಗ್ರಾಹಕ ಸಂರಕ್ಷಣೆ ಕಾಯ್ದೆಯು ಗ್ರಾಹಕರೆಂದು ಪರಿಗಣಿಸುವುದಿಲ್ಲವಾದುದರಿಂದ, ಅಂಗಡಿಯವನಿಂದ ಹಣ ಹಿಂಪಡೆಯಲು ಇವರು ವಿಜಯಪುರದ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗದ ಬದಲಿಗೆ ಸಿವಿಲ್ ನ್ಯಾಯಾಲಯವನ್ನು ಆಶ್ರಯಿಸಬೇಕಾಗುತ್ತದೆ. ಸ್ವಂತ ಬಳಕೆಗೆ ಕೊಂಡವರು ಮಾತ್ರ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ಅಥವಾ ಸದರಿ ಆಯೋಗದಲ್ಲಿ ದೂರು ದಾಖಲಿಸಬಹುದಾಗಿದೆ.